‘ಎಂಆರ್‌ಐ ನಾರ್ಮಲ್’ ಎಂದರೆ ಕಾಯಿಲೆಯೇ ಇಲ್ಲ ಎಂದಲ್ಲ

ಮಾನ್ಯ ಸಂಪಾದಕರೆ,

ಮನೋವೈದ್ಯರು ಮನೆಯವರನ್ನು ಕೂರಿಸಿ ಕಾಯಿಲೆಯ ಹೆಸರು ಹೇಳಿದ ಮೇಲೆ ಮೊದಲು ಬರುವ ಪ್ರಶ್ನೆ ಹೆಚ್ಚಾಗಿ ಒಂದೇ: "ಸ್ಕ್ಯಾನಿಂಗ್ ಮಾಡಿಸಿದ್ರೆ ಗೊತ್ತಾಗ್ತದಲ್ಲ ಡಾಕ್ಟ್ರೇ?" ಸುಳ್ಯದಿಂದ ಬಂದವರಾಗಲಿ, ಬೈಂದೂರಿನವರಾಗಲಿ, ಪ್ರಶ್ನೆ ಬದಲಾಗುವುದಿಲ್ಲ. ಸ್ಕ್ಯಾನಿಂಗ್ ಆಗುತ್ತದೆ, ರಿಪೋರ್ಟಿನ ಕೊನೆಯಲ್ಲಿ ‘ನಾರ್ಮಲ್’ ಎಂದು ಬರುತ್ತದೆ. ಅನಾಹುತ ಶುರುವಾಗುವುದೇ ಆಮೇಲೆ. "ತಲೆಯಲ್ಲಿ ಎಂತ ಸಹ ಇಲ್ಲವಂತೆ, ಎಲ್ಲ ಅವನ ನಾಟಕ" ಎಂದು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಇನ್ನು ಕೆಲವರು ಮೊಬೈಲಿನಲ್ಲಿ ಕೆಂಪು, ನೀಲಿ ಬಣ್ಣದ ಮೆದುಳಿನ ಚಿತ್ರ ನೋಡಿ, ಮಾಮೂಲಿ ಎಂಆರ್‌ಐ ಬೇಡ, ರಕ್ತಸಂಚಾರ ತೋರಿಸುವಂಥದ್ದೇ ಬೇಕು ಎಂದು ಹಟ ಹಿಡಿಯುತ್ತಾರೆ. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿಯಾಯಿತು, ಇನ್ನು ಮೆಷಿನ್ನಿನಲ್ಲಿ ಇಡಿಸುವುದೊಂದೇ ಬಾಕಿ ಎಂಬ ಧಾಟಿ. ಇಬ್ಬರದೂ ಒಂದೇ ತಪ್ಪು, ಯಂತ್ರವೇ ರೋಗ ಹೇಳುತ್ತದೆ ಎಂದು ನಂಬುವುದು. ಆದ್ದರಿಂದ ಯಂತ್ರ ಏನನ್ನು ಅಳೆಯುತ್ತದೆ, ಅಳತೆ ಎಲ್ಲಿ ಜಾರುತ್ತದೆ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಮಾಮೂಲಿ ಎಂಆರ್‌ಐ ನೋಡುವುದು ಮೆದುಳಿನ ರಚನೆಯನ್ನು. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು, ಮೆದುಳಿನ ಉರಿಯೂತ, ಮರೆವಿನ ಕಾಯಿಲೆಯಲ್ಲಿ ಸೊರಗಿದ ಭಾಗ, ಇವು ಅದರಲ್ಲಿ ಕಾಣುತ್ತವೆ. ಇವುಗಳಲ್ಲಿ ಕೆಲವು ಥೇಟ್ ಮಾನಸಿಕ ಕಾಯಿಲೆಯ ವೇಷದಲ್ಲೇ ಬರುವುದರಿಂದ ಮನೋವೈದ್ಯರು ಎಂಆರ್‌ಐ ಬರೆದುಕೊಡುತ್ತಾರೆ. ಐವತ್ತು ದಾಟಿದ ಮೇಲೆ ಮೊದಲ ಸಲ ಭ್ರಮೆ ಶುರುವಾದರೆ, ಜೊತೆಗೆ ಫಿಟ್ಸ್ ಬಂದರೆ, ತಲೆಗೆ ಪೆಟ್ಟಾಗಿದ್ದರೆ, ಕೈಕಾಲಿನ ಒಂದು ಬದಿ ಬಲ ಕಳೆದುಕೊಂಡರೆ, ಜ್ವರದ ಜೊತೆ ಎಚ್ಚರ ತಪ್ಪಿ ತಪ್ಪಿ ಬರುತ್ತಿದ್ದರೆ ಸ್ಕ್ಯಾನ್ ಮಾಡಿಸದೆ ಬಿಡಬಾರದು. ‘ನಾರ್ಮಲ್’ ಎಂದು ಬಂದರೆ ಇಂಥವು ಕಾಣಲಿಲ್ಲ ಎಂದಷ್ಟೇ ಅರ್ಥ. ಸ್ಕಿಜೋಫ್ರೇನಿಯಾ, ಖಿನ್ನತೆ, ಬೈಪೋಲಾರ್, ಗೀಳು ರೋಗ ಇರುವ ಹೆಚ್ಚಿನವರ ರಿಪೋರ್ಟ್ ನಾರ್ಮಲ್ಲೇ ಬರುತ್ತದೆ, ಬರಬೇಕಾದದ್ದೂ ಹಾಗೆಯೇ.

ಇನ್ನು ರಕ್ತಸಂಚಾರದ ವಿಷಯ. ದೇಹದ ತೂಕದಲ್ಲಿ ಶೇ. 2ರಷ್ಟೇ ಇರುವ ಮೆದುಳು ದೇಹ ಬಳಸುವ ಆಮ್ಲಜನಕದಲ್ಲಿ ಶೇ. 20ರಷ್ಟನ್ನು ತಿನ್ನುತ್ತದೆ. 100 ಗ್ರಾಂ ಮೆದುಳಿಗೆ ನಿಮಿಷಕ್ಕೆ ಸರಾಸರಿ 50 ಮಿ.ಲೀ. ರಕ್ತ ಬೇಕು. ಬೂದು ಭಾಗಕ್ಕೆ ಹೆಚ್ಚು, ಬಿಳಿ ಭಾಗಕ್ಕೆ ಅದರ ಮೂರರಲ್ಲೊಂದು ಪಾಲು. ಕೆಲಸ ಹೆಚ್ಚಾದ ಜಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ. ಹಾಗಾದರೆ ಮನಸ್ಸಿನ ಕಾಯಿಲೆಯಲ್ಲಿ ಈ ಹರಿವು ಬದಲಾಗಿರಬೇಕಲ್ಲ? ಪ್ರಶ್ನೆ ನ್ಯಾಯವಾದದ್ದೇ, ಹೊಸತಂತೂ ಅಲ್ಲ. 1948ರಲ್ಲಿ ಅಮೆರಿಕದ ಸೀಮೋರ್ ಕೆಟಿ ಮತ್ತು ಜೊತೆಗಾರರು ನಗೆ ಅನಿಲ ಉಸಿರಾಡಿಸಿ ಸ್ಕಿಜೋಫ್ರೇನಿಯಾ ಇದ್ದವರ ಇಡೀ ಮೆದುಳಿನ ರಕ್ತದ ಹರಿವು, ಆಮ್ಲಜನಕದ ಬಳಕೆ ಎರಡನ್ನೂ ಅಳೆದರು. ಆರೋಗ್ಯವಂತರಿಗೂ ಇವರಿಗೂ ವ್ಯತ್ಯಾಸ ಸಿಗಲಿಲ್ಲ. 1974ರಲ್ಲಿ ಸ್ವೀಡನ್ನಿನ ಇಂಗ್ವಾರ್ ಮತ್ತು ಫ್ರಾನ್ಜೆನ್ ವಿಕಿರಣಶೀಲ ಝೆನಾನ್ ಬಳಸಿ, ಮೊತ್ತದಲ್ಲಿ ಅಲ್ಲ, ಹಂಚಿಕೆಯಲ್ಲಿ ವ್ಯತ್ಯಾಸ ಇದೆ, ಹಣೆಯ ಹಿಂದಿನ ಭಾಗಕ್ಕೆ ಹೋಗುವ ರಕ್ತ ಕಡಿಮೆ ಎಂದು ತೋರಿಸಿದರು. ಈಗ ಅದೇ ಕೆಲಸವನ್ನು ವಿಕಿರಣವಿಲ್ಲದೆ, ಸೂಜಿ ಚುಚ್ಚದೆ ಎಂಆರ್‌ಐಯಲ್ಲಿ ಮಾಡಬಹುದು. ಒಬ್ಬರನ್ನೇ ಹತ್ತು ಸಲ ಬೇಕಾದರೂ ಅಳೆಯಬಹುದು, ಇದು ಸಣ್ಣ ಅನುಕೂಲವಲ್ಲ.

ಈ ವಿಧಾನದ ಹೆಸರು ಎಎಸ್‌ಎಲ್, ಅಂದರೆ ಅಪಧಮನಿಯ ರಕ್ತಕ್ಕೆ ಗುರುತು ಹಾಕುವುದು. 1992ರಲ್ಲಿ ಡೆಟ್ರೆ, ವಿಲಿಯಮ್ಸ್, ಕೊರೆಟ್ಸ್ಕಿ ಮುಂತಾದವರು ಇದನ್ನು ಮೊದಲು ತೋರಿಸಿದರು. ಕುತ್ತಿಗೆಯ ಮೇಲ್ಭಾಗದಲ್ಲಿ ಕ್ಯಾರೋಟಿಡ್ ಮತ್ತು ವರ್ಟಿಬ್ರಲ್ ರಕ್ತನಾಳಗಳಿಗೆ ಅಡ್ಡಲಾಗಿ ಒಂದು ಕಾಲ್ಪನಿಕ ಸಮತಲ ಗುರುತಿಸಿ, ಅಲ್ಲಿ ಹಾದುಹೋಗುವ ರಕ್ತದ ನೀರಿನ ಅಣುಗಳ ಕಾಂತೀಯ ದಿಕ್ಕನ್ನು ರೇಡಿಯೋ ಅಲೆಯಿಂದ ತಲೆಕೆಳಗು ಮಾಡುತ್ತಾರೆ. ಈ ಗುರುತು ಹಾಕುವ ಕೆಲಸ 1.8 ಸೆಕೆಂಡು ನಡೆಯುತ್ತದೆ. ಗುರುತಾದ ರಕ್ತ ಮೆದುಳಿನ ಅಂಗಾಂಶಕ್ಕೆ ಇಳಿಯಲು ಇನ್ನೊಂದು 1.8 ಸೆಕೆಂಡು ಕಾಯುತ್ತಾರೆ, ರೋಗಿಗಳಾದರೆ, ವಯಸ್ಸಾದವರಾದರೆ 2 ಸೆಕೆಂಡು. ಆಮೇಲೆ ಚಿತ್ರ. ನಂತರ ಗುರುತು ಹಾಕದೆ ಇನ್ನೊಂದು ಚಿತ್ರ. ಒಂದರಿಂದ ಒಂದನ್ನು ಕಳೆದರೆ ಉಳಿಯುವುದೇ ಒಳಬಂದ ರಕ್ತ. ಇದನ್ನು ನಾಲ್ಕೈದು ನಿಮಿಷ ಮತ್ತೆ ಮತ್ತೆ ಮಾಡಿ ಸರಾಸರಿ ತೆಗೆದಾಗ 100 ಗ್ರಾಂಗೆ ನಿಮಿಷಕ್ಕೆ ಇಷ್ಟು ಮಿ.ಲೀ. ಎಂಬ ಸಂಖ್ಯೆ ಸಿಗುತ್ತದೆ.

ಓದಲು ಸುಲಭ, ಆದರೆ ಕಳೆದು ಉಳಿಯುವ ಸಂಕೇತ ಒಟ್ಟು ಸಂಕೇತದ ಶೇ. 1ರ ಆಸುಪಾಸು ಮಾತ್ರ. ಗುರುತೂ ಶಾಶ್ವತವಲ್ಲ. 3 ಟೆಸ್ಲಾ ಯಂತ್ರದಲ್ಲಿ (ಟೆಸ್ಲಾ ಎಂದರೆ ಕಾಂತದ ಬಲದ ಅಳತೆ) 1.8 ಸೆಕೆಂಡು ಕಾಯುವಷ್ಟರಲ್ಲಿ ಮೂರರಲ್ಲೊಂದು ಪಾಲು ಉಳಿದಿರುತ್ತದೆ, 1.5 ಟೆಸ್ಲಾದಲ್ಲಿ ಬರೀ ಕಾಲು ಪಾಲು. ಹಾಗಾಗಿ 1.5 ಟೆಸ್ಲಾದಲ್ಲಿ ತೆಗೆದ ರಕ್ತಸಂಚಾರದ ಚಿತ್ರವನ್ನು ಮುಂದಿಟ್ಟು, ಇಲ್ಲಿ ಸ್ವಲ್ಪ ನೀಲಿ, ಅಲ್ಲಿ ಸ್ವಲ್ಪ ಕೆಂಪು ಎಂದು ವಾದಿಸುವುದರಲ್ಲಿ ಹುರುಳಿಲ್ಲ. ಕಾಯುವ ಸಮಯ ಕಡಿಮೆಯಾದರೆ ಗುರುತಾದ ರಕ್ತ ಇನ್ನೂ ನಾಳಗಳಲ್ಲೇ ನಿಂತಿರುತ್ತದೆ. ಆಗ ನಾಳಗಳ ಜಾಗದಲ್ಲಿ ಹೊಳೆಯುವ ಚುಕ್ಕೆ, ಅದರಾಚೆಗಿನ ಅಂಗಾಂಶದಲ್ಲಿ ಕತ್ತಲೆ. ಇದನ್ನು ‘ರಕ್ತದ ಕೊರತೆ’ ಎಂದು ಓದಿದವರಿದ್ದಾರೆ. ಬಾಯಲ್ಲಿ ಲೋಹದ ಹಲ್ಲು ಅಥವಾ ಬ್ರಿಡ್ಜ್ ಇದ್ದರೆ ಕುತ್ತಿಗೆಯ ಹತ್ತಿರದ ಕಾಂತಕ್ಷೇತ್ರ ಕೆಟ್ಟು ಒಂದು ಬದಿಯ ಕ್ಯಾರೋಟಿಡ್‌ಗೆ ಗುರುತು ಸರಿಯಾಗಿ ಬೀಳುವುದಿಲ್ಲ. ಚಿತ್ರದಲ್ಲಿ ಅರ್ಧ ಮೆದುಳು ಒಣಗಿದಂತೆ ಕಾಣುತ್ತದೆ, ರೋಗಿ ಮಾತ್ರ ಎದ್ದು ಕೂತು ಮನೆಗೆ ಹೋಗುವ ಬಸ್ಸಿನ ಸಮಯ ಕೇಳುತ್ತಿರುತ್ತಾರೆ! ತಂತ್ರಜ್ಞರು ಗುರುತು ಹಾಕುವ ಆ ಸಮತಲವನ್ನು ನಾಳಗಳು ನೇರವಾಗಿ ಹೋಗುವ ಕಡೆ ಇಟ್ಟಿದ್ದಾರೆಯೇ ಎಂದು ಮೊದಲು ನೋಡಬೇಕು, ಅರ್ಥ ಹುಡುಕುವುದು ಆಮೇಲೆ.

ಯಂತ್ರದ ಮಾತು ಇಷ್ಟಾಯಿತು. ಅಳತೆ ಹೆಚ್ಚು ಕೆಡುವುದು ಯಂತ್ರದೊಳಗೆ ಮಲಗಿದವರ ಆ ಬೆಳಗಿನ ದಿನಚರಿಯಿಂದ. ಕಾಫಿಯನ್ನೇ ನೋಡಿ. 200ರಿಂದ 250 ಮಿ.ಗ್ರಾಂ ಕೆಫೀನ್, ಅಂದರೆ ಎರಡು ಸ್ಟ್ರಾಂಗ್ ಫಿಲ್ಟರ್ ಕಾಫಿಯಷ್ಟು, ಮೆದುಳಿನ ರಕ್ತದ ಹರಿವನ್ನು ಶೇ. 20ರಿಂದ 30ರಷ್ಟು ಇಳಿಸುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಇದೆ ಎನ್ನುವ ವ್ಯತ್ಯಾಸ ಇದಕ್ಕಿಂತ ಸಣ್ಣದು. ಹಾಗೆಂದು ದಿನಾ ಕುಡಿಯುವವರಿಗೆ ಒಮ್ಮೆಲೇ ಕಾಫಿ ಬಿಡಿಸಿದರೆ ಹರಿವು ಮಾಮೂಲಿಗಿಂತ ಮೇಲಕ್ಕೇರುತ್ತದೆ, ತಲೆನೋವೂ ಅದರ ಜೊತೆಗೇ ಬರುತ್ತದೆ. ಇದಕ್ಕಿರುವ ಮದ್ದು, ಕೊನೆಯ ಕಾಫಿ ಎಷ್ಟು ಹೊತ್ತಿಗೆ ಎಂದು ಬರೆದಿಟ್ಟು, ಎಲ್ಲರಿಗೂ ಒಂದೇ ನಿಯಮ ಇಡುವುದು. ಬೀಡಿಗೂ ಹಾಗೆಯೇ. ಎಲೆಅಡಿಕೆಯನ್ನು ಯಾರೂ ಕೇಳುವುದಿಲ್ಲ, ನಮ್ಮ ಕರಾವಳಿಯಲ್ಲಿ ಕೇಳಲೇಬೇಕು. ಅಡಿಕೆಯಲ್ಲಿರುವ ಅರೆಕೋಲಿನ್ ಮೆದುಳಿನ ಅಸೆಟೈಲ್‌ಕೋಲಿನ್ ಗ್ರಾಹಕಗಳ ಮೇಲೆ ನೇರವಾಗಿ ಕೆಲಸ ಮಾಡುವ ವಸ್ತು. ಜೊತೆಗೆ ಹೊಗೆಸೊಪ್ಪು ಇದ್ದರೆ ನಿಕೋಟಿನ್ ಬೇರೆ. ಬೆಳಿಗ್ಗೆ ಗಂಜಿ ಉಂಡು ಬರಬಹುದು. ಮಂಪರು ಬರಿಸುವ ಔಷಧಿ ಅಥವಾ ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ಚುಚ್ಚುವ ದ್ರವ) ಇಲ್ಲದಿದ್ದರೆ ಖಾಲಿ ಹೊಟ್ಟೆ ಬೇಕಿಲ್ಲ.

ಉಸಿರಾಟ ಇನ್ನೂ ದೊಡ್ಡ ಮೋಸಗಾರ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್‌ನ ಒತ್ತಡ ಒಂದು ಮಿ.ಮೀ. ಪಾದರಸದಷ್ಟು ಇಳಿದರೆ ಮೆದುಳಿನ ರಕ್ತ ಸುಮಾರು ಶೇ. 3ರಷ್ಟು ಇಳಿಯುತ್ತದೆ. ಆತಂಕದ ಕಾಯಿಲೆ ಇರುವವರನ್ನು ಸದ್ದು ಮಾಡುವ ಕೊಳವೆಯೊಳಗೆ ಮಲಗಿಸಿದರೆ ಅವರು ಬೇಗ ಬೇಗ ಉಸಿರಾಡದೆ ಇನ್ನೇನು ಮಾಡಿಯಾರು? ಹತ್ತು ಮಿ.ಮೀ. ಇಳಿದರೆ ಕಾಲು ಭಾಗಕ್ಕೂ ಹೆಚ್ಚು ರಕ್ತವೇ ಕಡಿಮೆ. ಕೊನೆಗೆ ‘ಆತಂಕದ ಕಾಯಿಲೆಯಲ್ಲಿ ಮೆದುಳಿಗೆ ರಕ್ತ ಕಡಿಮೆ’ ಎಂಬ ತೀರ್ಮಾನ! ಮೂಗಿಗೊಂದು ನಳಿಗೆ ಇಟ್ಟು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ದಾಖಲಿಸಿದರೆ ಇದು ಹಿಡಿತಕ್ಕೆ ಸಿಗುತ್ತದೆ. ಅರಿವಳಿಕೆ ವಿಭಾಗದವರ ಬಳಿ ಎಂಆರ್‌ಐ ಕೋಣೆಗೆ ಒಯ್ಯಬಹುದಾದ ಮಾನಿಟರ್ ಇರುತ್ತದೆ, ಕೇಳಿದರೆ ಕೊಡುತ್ತಾರೆ.

ರಕ್ತಹೀನತೆಯೂ ಲೆಕ್ಕ ತಪ್ಪಿಸುತ್ತದೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ದೇಹ ಅದನ್ನು ಸರಿದೂಗಿಸಲು ಹೆಚ್ಚು ರಕ್ತ ಕಳಿಸುತ್ತದೆ. ಗುರುತು ಅಳಿಯುವ ವೇಗವೂ ಬದಲಾಗುತ್ತದೆ. ನಮ್ಮಲ್ಲಿ ರಕ್ತಹೀನತೆ ಇರುವ ಹೆಂಗಸರು ಎಷ್ಟು ಮಂದಿ ಎಂದು ಯಾವ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿದರೂ ಹೇಳುತ್ತಾರೆ. ಆ ವಾರದ ಹಿಮೋಗ್ಲೋಬಿನ್ ಸಂಖ್ಯೆ ಇಲ್ಲದ ಎಎಸ್‌ಎಲ್ ರಿಪೋರ್ಟ್ ಅರೆಬರೆ ರಿಪೋರ್ಟ್. ಔಷಧಿಗಳೂ ಉಂಟು. ಹ್ಯಾಲೊಪೆರಿಡಾಲ್‌ನಂಥ, ಭ್ರಮೆ ತಗ್ಗಿಸುವ ಮಾತ್ರೆ ಮೆದುಳಿನ ಒಳಗಿನ ಸ್ಟ್ರಯೇಟಂ ಭಾಗದ ರಕ್ತ ಹೆಚ್ಚಿಸುತ್ತದೆ. ಅಲುಗಾಡದಿರಲಿ ಎಂದು ಮತ್ತಿನ ಔಷಧಿ ಕೊಟ್ಟು ತೆಗೆದ ಚಿತ್ರದಲ್ಲಿ ಕಾಣುವುದು ಕಾಯಿಲೆಯಲ್ಲ, ಆ ಔಷಧಿ; ಪ್ರೊಪೊಫಾಲ್ ಆದರೆ ಇಳಿಕೆ, ಕೆಟಮಿನ್ ಆದರೆ ಏರಿಕೆ. ಇದನ್ನು ಓದಿ ಯಾರೂ ‘ಶುದ್ಧ ಸ್ಕ್ಯಾನ್’ ಬೇಕೆಂದು ಮಾತ್ರೆ ಬಿಡಬೇಡಿ. ಲಿಥಿಯಂ, ಕ್ಲೋಝಪಿನ್ ಒಮ್ಮೆಲೇ ನಿಲ್ಲಿಸಿದರೆ ಆಗುವ ನಷ್ಟಕ್ಕೆ ಯಾವ ಚಿತ್ರವೂ ಪರಿಹಾರವಲ್ಲ. ಮಾತ್ರೆಯ ಹೆಸರು, ಡೋಸು, ಕೊನೆಯ ಸಲ ತೆಗೆದುಕೊಂಡ ಹೊತ್ತು ಚೀಟಿಯಲ್ಲಿ ಬರೆದು ತನ್ನಿ, ಸಾಕು.

ಚಯಾಪಚಯ ಅಳೆಯುವುದು ಬೇರೆ ಕೆಲಸ. ಸಕ್ಕರೆ ಬಳಕೆ ನೋಡಬೇಕಾದರೆ ಪೆಟ್ ಸ್ಕ್ಯಾನ್ ಬೇಕು, ಅದಕ್ಕೆ 110 ನಿಮಿಷಕ್ಕೆ ಅರ್ಧಕ್ಕಿಳಿಯುವ ವಿಕಿರಣಶೀಲ ಫ್ಲೋರಿನ್ ಬೇಕು. ಎಂಆರ್‌ಐಯಲ್ಲೇ ಇಡೀ ಮೆದುಳಿನ ಆಮ್ಲಜನಕ ಬಳಕೆಯನ್ನು ಅಂದಾಜಿಸಬಹುದು. ನೆತ್ತಿಯ ದೊಡ್ಡ ಅಭಿಧಮನಿಯಲ್ಲಿ ವಾಪಸು ಹೋಗುವ ರಕ್ತದಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡಿ, ಒಳಬಂದದ್ದಕ್ಕಿಂತ ಎಷ್ಟು ಕಡಿಮೆಯಾಯಿತೋ ಅದನ್ನು ಒಳಬಂದ ರಕ್ತದ ಪ್ರಮಾಣದಿಂದ ಗುಣಿಸುವ ಲೆಕ್ಕ ಅದು. ಆದರೆ ಹೆಚ್ಚು ಬಳಕೆಯಲ್ಲಿರುವುದು ಸ್ಪೆಕ್ಟ್ರೋಸ್ಕೋಪಿ. ಮೆದುಳಿನಲ್ಲೊಂದು ಪೆಟ್ಟಿಗೆಯಷ್ಟು ಜಾಗ ಗುರುತಿಸಿ, ಅಲ್ಲಿರುವ ರಾಸಾಯನಿಕಗಳ ಸಂಕೇತವನ್ನು ಗೆರೆಗಳಾಗಿ ಬಿಡಿಸುವುದು. ಗೆರೆಯ ಜಾಗವನ್ನು ಪಿಪಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ: 2.0 ಪಿಪಿಎಂನಲ್ಲಿ ನರಕೋಶದ ರಾಸಾಯನಿಕವಾದ ಎನ್‌ಎಎ, 3.0ರಲ್ಲಿ ಕ್ರಿಯಾಟಿನ್, 3.2ರಲ್ಲಿ ಕೋಲಿನ್, 2.1ರಿಂದ 2.4ರ ನಡುವೆ ಗ್ಲುಟಮೇಟ್ ಮತ್ತು ಗ್ಲುಟಮಿನ್ ಒಂದರ ಮೇಲೊಂದು. ಇಡೀ ಮೆದುಳಲ್ಲಿ ನೀರಿನ ಸಂಕೇತ ಇವುಗಳಿಗಿಂತ ಸಾವಿರಾರು ಪಟ್ಟು ದೊಡ್ಡದು, ಅದನ್ನು ಮೊದಲು ಅದುಮಬೇಕು. ಆತಂಕ, ಖಿನ್ನತೆಯ ಸಂಶೋಧಕರಿಗೆಲ್ಲ ಬೇಕಾದ ಗಾಬಾ (ನರಕೋಶಗಳ ಚುರುಕನ್ನು ತಗ್ಗಿಸುವ ರಾಸಾಯನಿಕ) ಇರುವುದು ಸರಿಯಾಗಿ ಕ್ರಿಯಾಟಿನ್ ಗೆರೆಯ ಅಡಿಯಲ್ಲಿ. ಅದನ್ನು ಬೇರ್ಪಡಿಸಲು 1.9 ಪಿಪಿಎಂನಲ್ಲಿ ಒಂದು ವಿಶೇಷ ರೇಡಿಯೋ ತುಡಿತ ಹಾಕಿ, ಹಾಕದೆ ತೆಗೆದದ್ದರಿಂದ ಕಳೆಯಬೇಕು. 3 ಸೆಂ.ಮೀ. ಉದ್ದ, ಅಗಲ, ಎತ್ತರದ ಪೆಟ್ಟಿಗೆಗೆ ಹತ್ತು ನಿಮಿಷ. ಅಷ್ಟಾಗಿಯೂ ಸಿಗುವ ಗೆರೆಯಲ್ಲಿ ಅರ್ಧದಷ್ಟು ಗಾಬಾ, ಉಳಿದದ್ದು ದೊಡ್ಡ ಅಣುಗಳ ಪಾಲು.

ಇಲ್ಲೊಂದು ಕೈಕೆಲಸದ ಗುಟ್ಟು ಉಂಟು. ಗಾಬಾ ತೆಗೆಯುವುದನ್ನು ಯಾವಾಗಲೂ ಮೊದಲೇ ಮುಗಿಸಬೇಕು. ಫಂಕ್ಷನಲ್ (ಮೆದುಳಿನ ಚಟುವಟಿಕೆ ನೋಡುವ) ಅಥವಾ ಡಿಫ್ಯೂಷನ್ (ನೀರಿನ ಚಲನೆ ನೋಡುವ) ಸ್ಕ್ಯಾನ್ ಮೊದಲು ಓಡಿಸಿದರೆ ಯಂತ್ರದೊಳಗೆ ಕಾಂತಕ್ಷೇತ್ರವನ್ನು ಏರಿಳಿಸುವ ಗ್ರೇಡಿಯಂಟ್ ಕಾಯಿಲ್ ಬಿಸಿಯಾಗುತ್ತದೆ. ಆಮೇಲೆ ತಣ್ಣಗಾಗುತ್ತ ಕಾಂತಕ್ಷೇತ್ರ ನಿಧಾನಕ್ಕೆ ಸರಿಯುತ್ತ ಹೋಗುತ್ತದೆ. 3 ಟೆಸ್ಲಾದಲ್ಲಿ ಒಂದು ಪಿಪಿಎಂ ಎಂದರೆ ಸುಮಾರು 128 ಹರ್ಟ್ಜ್. ಅದರಲ್ಲಿ ಕೆಲವೇ ಹರ್ಟ್ಜ್ ಸರಿದರೂ ಆ 1.9ರ ತುಡಿತ ಗುರಿ ತಪ್ಪಿ, ಕಳೆಯುವ ಲೆಕ್ಕ ಕೆಡುತ್ತದೆ. ಪೆಟ್ಟಿಗೆಯನ್ನು ತಲೆಬುರುಡೆಗೆ ಒತ್ತಿ ಇಟ್ಟರೆ ನೆತ್ತಿಯ ಕೊಬ್ಬು ನುಗ್ಗುತ್ತದೆ, ಹುಬ್ಬಿನ ಹಿಂದಿನ ಗಾಳಿ ಗೂಡಿನ ಹತ್ತಿರ ಇಟ್ಟರೆ ಕ್ಷೇತ್ರ ಸಮವಾಗುವುದೇ ಇಲ್ಲ. ದುರದೃಷ್ಟಕ್ಕೆ ಮನೋವೈದ್ಯರಿಗೆ ಬೇಕಾದ ಜಾಗಗಳು ಹೆಚ್ಚಾಗಿ ಅಲ್ಲೇ ಇರುವುದು. ಪೆಟ್ಟಿಗೆಯೊಳಗೆ ಮೆದುಳಿನ ಸುತ್ತಲಿನ ದ್ರವ ಎಷ್ಟಿದೆ ಎಂದು ನೋಡಿ ಕಳೆಯದಿದ್ದರೆ, ಮೆದುಳು ಸ್ವಲ್ಪ ಸೊರಗಿದ ಹಿರಿಯರಲ್ಲಿ ಎಲ್ಲ ರಾಸಾಯನಿಕವೂ ಕಡಿಮೆಯೆಂದೇ ಕಾಣುತ್ತದೆ.

ಮೊಬೈಲಿನಲ್ಲಿ ಕಾಣುವ ಆ ಬಣ್ಣದ ಚಿತ್ರಗಳು ಹೆಚ್ಚಿನವು ಮೂರನೆಯ ಬಗೆ, ಬೋಲ್ಡ್. ಆಮ್ಲಜನಕ ಬಿಟ್ಟ ಹಿಮೋಗ್ಲೋಬಿನ್ ಕಾಂತಕ್ಷೇತ್ರವನ್ನು ಕದಡುತ್ತದೆ ಎಂಬುದನ್ನು ಬಳಸಿ 1990ರಲ್ಲಿ ಸೆಯಿಜಿ ಒಗಾವ ಹೇಳಿಕೊಟ್ಟ ವಿಧಾನ. ಅದರಲ್ಲಿ ರಕ್ತ, ಚಯಾಪಚಯ ಎರಡೂ ಕಲಸಿಹೋಗಿರುತ್ತವೆ, ಒಂದು ಸ್ಥಿತಿಯನ್ನೋ ಗುಂಪನ್ನೋ ಇನ್ನೊಂದಕ್ಕೆ ಹೋಲಿಸಿದ ಅಂಕಿ ಅಂಶದ ಚಿತ್ರವದು, ಫೋಟೋ ಅಲ್ಲ. ಲೆಕ್ಕ ಸಡಿಲವಾದರೆ ಏನಾಗುತ್ತದೆ ಎಂದು ತೋರಿಸಲು 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರಿನಲ್ಲಿಟ್ಟು ಮನುಷ್ಯರ ಫೋಟೋ ತೋರಿಸಿದರು. ಮೀನಿನ ಮೆದುಳಲ್ಲಿ ‘ಚಟುವಟಿಕೆ’ ಬಂತು! ಮಲ್ಪೆಯ ಧಕ್ಕೆಯಿಂದ ಬಂಗುಡೆ ತಂದಿಟ್ಟರೂ ಅದೇ ಬರುತ್ತದೆ. ಸಾವಿರಾರು ಚುಕ್ಕೆಗಳನ್ನು ಒಂದೊಂದಾಗಿ ಪರೀಕ್ಷಿಸಿ ತಿದ್ದುಪಡಿ ಮಾಡದೆ ಬಿಟ್ಟರೆ ಕೆಲವು ಅಕಸ್ಮಾತ್ತಾಗಿ ಹೊಳೆದೇ ಹೊಳೆಯುತ್ತವೆ. ತಲೆ ಅರ್ಧ ಮಿ.ಮೀ. ಅಲುಗಿದರೂ ಇದೇ ಕಥೆ. ರೋಗಿಗಳು ಆರೋಗ್ಯವಂತರಿಗಿಂತ ಹೆಚ್ಚು ಅಲುಗುತ್ತಾರೆ, ಆ ಅಲುಗಾಟವೇ ಕಾಯಿಲೆಯ ಗುರುತೆಂದು ಪ್ರಕಟವಾಗುವ ಅಪಾಯ ಯಾವಾಗಲೂ ಇದೆ. 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯೊಂದು, ಮೆದುಳಿಗೂ ಸ್ವಭಾವಕ್ಕೂ ಇರುವ ನಂಟು ಹುಡುಕಲು ಇಪ್ಪತ್ತು ಮೂವತ್ತು ಮಂದಿ ಸಾಲದು, ಸಾವಿರಾರು ಮಂದಿ ಬೇಕು ಎಂದು ತೋರಿಸಿತು.

ಹಾಗಾದರೆ ಇಷ್ಟೆಲ್ಲ ಸರಿಯಾಗಿ ಮಾಡಿದರೂ ಒಬ್ಬರಿಗೆ ರೋಗ ಹೇಳಲು ಯಾಕಾಗದು? ಒಂದು ಕಾಲ್ಪನಿಕ ಲೆಕ್ಕ ಹಿಡಿಯೋಣ. ಕಾಯಿಲೆ ಇದ್ದವರಲ್ಲಿ ನೂರಕ್ಕೆ 80 ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ನೂರಕ್ಕೆ 80 ಮಂದಿಯನ್ನು ಸರಿಯಾಗಿ ಬಿಡುವ ಸ್ಕ್ಯಾನ್ ಇದೆ ಎನ್ನಿ. ಊರಿನ 1000 ಮಂದಿಯಲ್ಲಿ 10 ಮಂದಿಗೆ ಕಾಯಿಲೆ. ಸ್ಕ್ಯಾನ್ ಆ ಹತ್ತರಲ್ಲಿ 8 ಮಂದಿಯನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ 990ರಲ್ಲಿ 198 ಮಂದಿಯನ್ನೂ ಹಿಡಿಯುತ್ತದೆ. ಒಟ್ಟು 206 ಮಂದಿಯ ಕೈಯಲ್ಲಿ ‘ದೋಷ ಇದೆ’ ಎಂಬ ರಿಪೋರ್ಟ್, ಅವರಲ್ಲಿ ನಿಜವಾದವರು 8. ಗುಂಪಿನ ಸರಾಸರಿ ಬೇರೆ, ನಿಮ್ಮ ಮಗಳ ಮೆದುಳು ಬೇರೆ. ಎರಡು ಗುಂಪಿನ ಅಳತೆಗಳು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ; ಸರಾಸರಿಗಳ ನಡುವೆ ಮಾತ್ರ ಕೂದಲೆಳೆಯ ಅಂತರ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೂಡ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಂಥ ಒಪ್ಪಿತ ವೈದ್ಯಕೀಯ ಮಾನದಂಡಗಳಿಂದ ನಿರ್ಧರಿಸಬೇಕು ಎನ್ನುತ್ತದೆ. ಆ ಮಾನದಂಡಗಳು ನಿಂತಿರುವುದು ಲಕ್ಷಣ, ಅವಧಿ, ದಿನನಿತ್ಯದ ಬದುಕು ಎಷ್ಟು ಕುಂಟಿದೆ ಎಂಬುದರ ಮೇಲೆ.

ಸಂಶೋಧನೆ ಬೇಡವೆಂದು ಇದರರ್ಥವಲ್ಲ. ಯಾವ ಔಷಧಿ ಯಾರಿಗೆ ಹಿಡಿಸುತ್ತದೆ ಎಂದು ಮುಂದೊಂದು ದಿನ ಗೊತ್ತಾಗುವುದು ಇಂಥ ಅಳತೆಗಳಿಂದಲೇ ಇರಬಹುದು. ನಮ್ಮ ಜಿಲ್ಲೆಗಳಲ್ಲಿ ಯಾರಾದರೂ ಇದನ್ನು ಕೈಗೆತ್ತಿಕೊಂಡರೆ ಒಂದು ಸಂಗತಿ ಮರೆಯದಿರಲಿ: ಇಲ್ಲಿ ಮನೆಯೊಳಗೆ ತುಳು, ಕೊಂಕಣಿ, ಬ್ಯಾರಿ, ಶಾಲೆಯಲ್ಲಿ ಕನ್ನಡ. ಸ್ಕ್ಯಾನರಿನ ಪರದೆ ಮೇಲೆ ಇಂಗ್ಲಿಷ್ ಪದಗಳ ಪರೀಕ್ಷೆ ಹಾಕಿದರೆ ಅಳೆಯುವುದು ಓದುವ ತಿಣುಕಾಟವನ್ನು, ಕಾಯಿಲೆಯನ್ನಲ್ಲ. ತುಳು ಮಾತಾಡುವವರಿಗೆ ಸೂಚನೆಯನ್ನು ಹೆಡ್‌ಫೋನಿನಲ್ಲಿ ತುಳುವಿನಲ್ಲೇ ಕೇಳಿಸಿ. ಒಪ್ಪಿಗೆ ಪತ್ರವನ್ನೂ ಅದೇ ಭಾಷೆಯಲ್ಲಿ ವಿವರಿಸಿ, ಸಂಶೋಧನೆಗಾಗಿ ತೆಗೆದ ಸ್ಕ್ಯಾನ್ ಚಿಕಿತ್ಸೆಯ ರಿಪೋರ್ಟ್ ಅಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಿ.

ಸ್ಕ್ಯಾನಿಗೆ ಹೋಗುವವರಿಗೆ ಕೆಲವು ಮಾತು. ಕರಿಮಣಿ, ಸೆರಗಿನ ಪಿನ್ನು, ಮಲ್ಲಿಗೆ ಸಿಕ್ಕಿಸಿದ ಹೇರ್‌ಪಿನ್, ಸೊಂಟದ ಉಡಿದಾರದ ತಾಯಿತ ಎಲ್ಲ ಮನೆಯಲ್ಲೇ ತೆಗೆದಿಟ್ಟು ಬನ್ನಿ. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಮೆದುಳಿನ ಕ್ಲಿಪ್ ಇದ್ದರೆ ಅದರ ಕಾರ್ಡ್ ತನ್ನಿ. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡಿದವರು, ಬೋಟಿನ ಎಂಜಿನ್ ರಿಪೇರಿಯವರು ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಬಿದ್ದಿದ್ದರೆ ತಪ್ಪದೆ ಹೇಳಿ, ಆ ಚೂರು ಕಾಂತದ ಹತ್ತಿರ ಅಲುಗಿದರೆ ಕಣ್ಣೇ ಹೋದೀತು. ಕೊಳವೆಯೊಳಗೆ ಭಯವಾದರೆ ಕೈಯಲ್ಲಿರುವ ಬಲ್ಬ್ ಒತ್ತಿ, ಯಾರೂ ಬೈಯುವುದಿಲ್ಲ. ‘ಫಂಕ್ಷನಲ್’, ‘ಪರ್ಫ್ಯೂಷನ್’ (ರಕ್ತಸಂಚಾರದ್ದು), ‘ಸ್ಪೆಕ್ಟ್ರೋ’ ಎಂದು ಬಿಲ್ಲಿನಲ್ಲಿ ಕಂಡರೆ, ಯಾವ ಪ್ರಶ್ನೆಗೆ ಉತ್ತರ ಹುಡುಕಲು ಎಂದು ಬರೆದುಕೊಟ್ಟ ವೈದ್ಯರನ್ನೇ ಕೇಳಿ. ಗಡ್ಡೆಯೋ, ಫಿಟ್ಸೋ, ರಕ್ತನಾಳವೋ ಎಂದು ಅವರು ಹೇಳಿದರೆ ಮಾಡಿಸಿ. ಮಾಡಿಸಿದ ಮೇಲೆ ಫಿಲ್ಮ್ ಮಾತ್ರ ತಂದುಕೊಳ್ಳಬೇಡಿ, ಸಿಡಿ ಕೇಳಿ. ಫಿಲ್ಮಿನಲ್ಲಿ ಬಣ್ಣ ಮಾತ್ರ ಬರುತ್ತದೆ, ಆ ಬಣ್ಣದ ಹಿಂದಿನ ಸಂಖ್ಯೆ, ಕಾದ ಸಮಯ, ಯಂತ್ರದ ಟೆಸ್ಲಾ ಎಲ್ಲ ಇರುವುದು ಸಿಡಿಯಲ್ಲಿ.

— ಕೆಲವು ಎಂಆರ್‌ಐ ತಂತ್ರಜ್ಞರು ಮತ್ತು ಮನೋವೈದ್ಯರು
ಮಂಗಳೂರು